ರೈನ್ ದಂಡೆಯ ಕ್ರಿಸ್‌ಮಸ್ ಸಂತೆ: ಕೊಲೋನ್‌ಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಬಂತೆಂದರೆ ಜರ್ಮನಿಯ ಕೊಲೋನ್ ನಗರದಲ್ಲಿ ಚೌಕಕ್ಕೊಂದು ಕ್ರಿಸ್‌ಮಸ್ ಸಂತೆ. ದೊಡ್ಡ ಚರ್ಚಿನ ಪಕ್ಕ ಒಂದು, ಹಳೇ ಪೇಟೆಯಲ್ಲಿ ಒಂದು, ನೊಯ್‌ಮಾರ್ಕ್ಟ್‌ನಲ್ಲಿ ಒಂದು, ರುಡಾಲ್ಫ್‌ಪ್ಲಾಟ್ಸ್‌ನಲ್ಲಿ ಇನ್ನೊಂದು. ಹೋದವರು ಸಾಮಾನ್ಯವಾಗಿ ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸಲು ಓಡುತ್ತಾರೆ. ರಾತ್ರಿ ಹೊತ್ತಿಗೆ ಕಾಲು ನೋವು, ಫೋನ್ ತುಂಬ ಒಂದೇ ತರಹದ ಫೋಟೋ.

ಹಾಗೆ ಮಾಡಬೇಡಿ. ಕೊಲೋನ್ ಹತ್ತು ಲಕ್ಷಕ್ಕೂ ಜಾಸ್ತಿ ಜನರಿರುವ ಊರು, ಜರ್ಮನಿಯಲ್ಲಿ ನಾಲ್ಕನೇ ದೊಡ್ಡದು. ಆದರೆ ಅದರ ಚೆಂದವೆಲ್ಲ ರೈನ್ ನದಿಗೆ ಅಂಟಿಕೊಂಡೇ ಇದೆ. ಚರ್ಚಿನಿಂದ ಹೊರಟು ರೈನ್ ದಂಡೆ ಹಿಡಿದು ಬಂದರಿನ ಸಂತೆಗೆ ಹೋಗಿ. ಕತ್ತಲಾಗುವ ಹೊತ್ತನ್ನು ಅಲ್ಲೇ ಕಳೆಯಿರಿ. ಆಮೇಲೆ ಸೇತುವೆ ದಾಟಿ ಎದುರು ದಡದಿಂದ ಊರನ್ನು ನೋಡುತ್ತಾ ರೈಲು ನಿಲ್ದಾಣಕ್ಕೆ ಮರಳಿ. ಈ ಸುತ್ತು ಹೆಚ್ಚೆಂದರೆ ಐದು ಕಿಲೋಮೀಟರ್. ಜರ್ಮನಿಯಲ್ಲಿರುವ ಮಗ ಮಗಳ ಮನೆಗೆ ಬಂದ ಅಪ್ಪ ಅಮ್ಮನೂ ನಿಧಾನವಾಗಿ ನಡೆದು ಮುಗಿಸಬಹುದು.

ಯಾವಾಗ ಹೋಗಬೇಕು

ಇಲ್ಲಿನ ಸಂತೆಗಳು ನವೆಂಬರ್ ಮೂರನೇ ಅಥವಾ ಕೊನೇ ವಾರದಲ್ಲಿ ಶುರುವಾಗುತ್ತವೆ. ಹೆಚ್ಚಿನವು ಡಿಸೆಂಬರ್ 23ಕ್ಕೆ ಮುಗಿದುಹೋಗುತ್ತವೆ. ನಮ್ಮವರು ಎಡವುವುದು ಇಲ್ಲೇ. ಕ್ರಿಸ್‌ಮಸ್ ಸಂತೆ ಅಂದಮೇಲೆ ಕ್ರಿಸ್‌ಮಸ್ ದಿನ ಜೋರಾಗಿರುತ್ತದೆ ಎಂದುಕೊಂಡು 25ಕ್ಕೆ ಟಿಕೆಟ್ ಮಾಡಿಸುತ್ತಾರೆ. ಆ ದಿನ ಹೋದರೆ ಸಿಗುವುದು ಕಳಚುತ್ತಿರುವ ಮಳಿಗೆಗಳು. 24ರ ಮಧ್ಯಾಹ್ನದಿಂದ ಅಂಗಡಿಗಳೂ ಮುಚ್ಚುತ್ತವೆ, 25 ಮತ್ತು 26 ಎರಡೂ ರಜೆ. ಅಲ್ಲಿ ಹಬ್ಬ ಎಂದರೆ ಅದಕ್ಕೆ ಮುಂಚಿನ ನಾಲ್ಕು ವಾರಗಳ ಕಾಯುವಿಕೆ. ಹಬ್ಬದ ದಿನ ಜನ ಮನೆಯಲ್ಲಿರುತ್ತಾರೆ. ಹಳೇ ಪೇಟೆಯ ಹೊಯ್‌ಮಾರ್ಕ್ಟ್‌ನ ಐಸ್ ಸ್ಕೇಟಿಂಗ್ ಮಾತ್ರ ಸಾಮಾನ್ಯವಾಗಿ ಜನವರಿ ಮೊದಲ ದಿನಗಳವರೆಗೂ ಇರುತ್ತದೆ.

ನವೆಂಬರ್ ಕೊನೆಯ ಭಾಗದಲ್ಲಿ ಒಂದು ಭಾನುವಾರ ಸತ್ತವರನ್ನು ನೆನೆಯುವ ದಿನ. ಅಂದು ಸಂತೆಗಳು ಹೆಚ್ಚಾಗಿ ಮುಚ್ಚಿರುತ್ತವೆ. ಆಯಾ ವರ್ಷದ ದಿನಾಂಕವನ್ನು ಸಂತೆಯ ಜಾಲತಾಣದಲ್ಲಿ ನೋಡಿಕೊಂಡೇ ಟಿಕೆಟ್ ಮಾಡಿಸಿ.

ಹೋಗಲು ಒಳ್ಳೆಯ ದಿನ ಎಂದರೆ ಮಂಗಳವಾರದಿಂದ ಗುರುವಾರ. ಶನಿವಾರ ಮಾತ್ರ ಬೇಡ. ಹಾಲೆಂಡ್, ಬೆಲ್ಜಿಯಂ ಎರಡೂ ಹತ್ತಿರ. ಅಲ್ಲಿಂದ ಬಸ್ಸುಗಟ್ಟಲೆ ಜನ ಬರುತ್ತಾರೆ. ಸಣ್ಣ ಮಕ್ಕಳ ಗಾಡಿ ತಳ್ಳಿಕೊಂಡು ಶನಿವಾರ ಸಂಜೆ ಒಳಗೆ ಹೋದರೆ ಅರ್ಧ ದಾರಿಯಲ್ಲೇ ಸಾಕಪ್ಪಾ ಅನ್ನಿಸುತ್ತದೆ.

ಇನ್ನು ಗಂಟೆಯ ಲೆಕ್ಕ. ಡಿಸೆಂಬರ್ ನಡುವೆ ಅಲ್ಲಿ ಬೆಳಕು ಹರಿಯುವುದು ಎಂಟೂವರೆ ಸುಮಾರಿಗೆ, ಸೂರ್ಯ ಮುಳುಗುವುದು ನಾಲ್ಕೂವರೆಗೆ. ಸಂತೆ ತೆರೆಯುವುದು ಸುಮಾರು 11ಕ್ಕೆ. ಆಫೀಸು ಬಿಟ್ಟ ಜನ ಐದರ ನಂತರ ನುಗ್ಗುತ್ತಾರೆ. ಹಾಗಾಗಿ ಒಂದು ಗಂಟೆಗೆ ಚರ್ಚು, ಮೂರೂವರೆಗೆ ಬಂದರಿನ ಸಂತೆ, ಆರಕ್ಕೆ ಅಲ್ಲಿಂದ ಹೊರಡುವುದು. ಈ ಹೊಂದಾಣಿಕೆಯಲ್ಲಿ ಬೆಳಕೂ ಸಿಗುತ್ತದೆ, ದೀಪವೂ ಸಿಗುತ್ತದೆ, ನೂಕುನುಗ್ಗಲೂ ಹೆಚ್ಚಾಗಿ ತಪ್ಪುತ್ತದೆ.

ಭಾರತದಿಂದ ಬರುವವರ ತಯಾರಿ

ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕಡೇಪಕ್ಷ 15 ದಿನ ಮುಂಚೆ ಹಾಕಿರಲೇಬೇಕು, ಆದರೆ ಅಷ್ಟು ತಡಮಾಡುವುದು ಹುಚ್ಚು ಧೈರ್ಯ. ಡಿಸೆಂಬರ್ ಪ್ರಯಾಣಕ್ಕೆ ಸೆಪ್ಟೆಂಬರ್‌ನಲ್ಲೇ, ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರದಲ್ಲಿ ದಿನಾಂಕ ಹಿಡಿದುಬಿಡಿ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು.

ಬೆಂಗಳೂರಿನಿಂದ ಬರುವವರಿಗೆ ಫ್ರಾಂಕ್‌ಫರ್ಟ್ ಸುಲಭ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಎರಡು ರೈಲು ನಿಲ್ದಾಣಗಳಿವೆ. ನಿಮಗೆ ಬೇಕಾದ್ದು ದೂರದ ರೈಲುಗಳ ಫೆರ್ನ್‌ಬಾನ್‌ಹೋಫ್. ಅಲ್ಲಿಂದ ಐಸಿಇ ರೈಲು ಸುಮಾರು ಒಂದು ಗಂಟೆಯಲ್ಲಿ ಕೊಲೋನ್ ಮುಟ್ಟಿಸುತ್ತದೆ. 2002ರಲ್ಲಿ ಶುರುವಾದ ಈ ಹಳಿಯ ಮೇಲೆ ರೈಲು ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ.

ಟಿಕೆಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಅಗ್ಗದ 'ಷ್ಪಾರ್‌ಪ್ರೈಸ್' ಟಿಕೆಟ್ ನಡೆಯುವುದು ನೀವು ಆರಿಸಿದ ರೈಲಿನಲ್ಲಿ ಮಾತ್ರ. ವಿಮಾನ ತಡವಾಗಿ ಇಳಿದರೆ ಆ ದುಡ್ಡು ಹೋದ ಹಾಗೆಯೇ. ವಿಮಾನ ಇಳಿಯುವ ಹೊತ್ತಿಗೂ ರೈಲಿಗೂ ಮೂರು ಗಂಟೆ ಬಿಡಿ, ಇಲ್ಲವೇ ಯಾವ ರೈಲಿಗಾದರೂ ಆಗುವ ಟಿಕೆಟ್ಟನ್ನೇ ಕೊಳ್ಳಿ.

ಇನ್ನೊಂದು ಗೊಂದಲ: ಕೆಲವು ಐಸಿಇ ರೈಲುಗಳು ಮುಖ್ಯ ನಿಲ್ದಾಣಕ್ಕೆ ಹೋಗುವುದಿಲ್ಲ. ನದಿಯ ಆಚೆ ದಡದ 'ಕೊಲೋನ್ ಮೆಸ್ಸೆ ಡಾಯ್ಟ್ಸ್' ನಿಲ್ದಾಣದಲ್ಲಿ ನಿಂತು ಮುಂದೆ ಹೋಗಿಬಿಡುತ್ತವೆ. ಗಾಬರಿ ಬೇಡ. ಅಲ್ಲಿಂದ ಮುಖ್ಯ ನಿಲ್ದಾಣಕ್ಕೆ ಲೋಕಲ್ ರೈಲಿನಲ್ಲಿ ಎರಡು ಮೂರು ನಿಮಿಷ.

ಕೊಲೋನ್‌ನಲ್ಲಿ ಆ ದಿನಗಳಲ್ಲಿ ಹೋಟೆಲ್ ದುಬಾರಿ. ಬಾನ್ ಅಥವಾ ಡ್ಯುಸೆಲ್‌ಡಾರ್ಫ್‌ನಲ್ಲಿ ಉಳಿದುಕೊಳ್ಳಬಹುದು. ಎರಡೂ ಊರು ರೈಲಿನಲ್ಲಿ ಅರ್ಧ ಗಂಟೆ ಆಸುಪಾಸು.

ಏನು ಹಾಕಿಕೊಳ್ಳಬೇಕು

ಹಿಮ ಸುರಿಯುತ್ತದೆ ಎಂದು ಕನಸು ಕಾಣಬೇಡಿ. ಕೊಲೋನ್‌ನ ಡಿಸೆಂಬರ್ ಎಂದರೆ ಹೆಚ್ಚಾಗಿ ಜಿಟಿಜಿಟಿ ಮಳೆ ಮತ್ತು ನದಿಯ ಮೇಲಿಂದ ಬೀಸುವ ಒದ್ದೆ ಗಾಳಿ. ತಾಪಮಾನ ಸೊನ್ನೆಯಿಂದ ಏಳು ಡಿಗ್ರಿ ಸುಮಾರು. ನಡೆಯುವಾಗ ಏನೂ ಅನ್ನಿಸುವುದಿಲ್ಲ. ಕಪ್ ಹಿಡಿದು ಒಂದೇ ಕಡೆ ಅರ್ಧ ಗಂಟೆ ನಿಂತಾಗ ಚಳಿ ನೆಲದಿಂದ ಪಾದಕ್ಕೆ ಹತ್ತುತ್ತದೆ. ಅದಕ್ಕೆ ಜಾಕೆಟ್‌ಗಿಂತ ಶೂ ಮುಖ್ಯ. ದಪ್ಪ ಅಟ್ಟೆಯ, ನೀರಿಳಿಯದ ಶೂ, ಒಳಗೆ ಉಣ್ಣೆ ಕಾಲುಚೀಲ. ತೆಳ್ಳಗಿನ ಸ್ನೀಕರ್ ಬೇಡವೇ ಬೇಡ.

ಮೇಲೆ ಥರ್ಮಲ್, ಸ್ವೆಟರ್, ಟೊಪ್ಪಿ ಇರುವ ಮಳೆ ಜಾಕೆಟ್. ಗುಂಪಿನಲ್ಲಿ ಕೊಡೆ ಬಿಚ್ಚಿದರೆ ಪಕ್ಕದವರ ಕಣ್ಣಿಗೆ ಚುಚ್ಚುತ್ತದೆ, ದಂಡೆಯಲ್ಲಿ ಬಿಚ್ಚಿದರೆ ಗಾಳಿಗೆ ಮಗುಚಿಕೊಳ್ಳುತ್ತದೆ. ಸೀರೆ ಉಡುವ ಅಮ್ಮಂದಿರು ಒಳಗೆ ಥರ್ಮಲ್ ಪ್ಯಾಂಟ್ ಹಾಕಿಕೊಂಡು, ನೆರಿಗೆಯನ್ನು ಸ್ವಲ್ಪ ಮೇಲೆತ್ತಿ ಉಟ್ಟರೆ ಒದ್ದೆ ಕಲ್ಲುಹಾಸಿನ ಮೇಲೆ ನಡೆಯುವುದು ಸಲೀಸು.

ನಿಲ್ದಾಣ ಮತ್ತು ಚರ್ಚು

ಮುಖ್ಯ ನಿಲ್ದಾಣದಲ್ಲಿ ಮೊದಲ ಕೆಲಸ ಲಗೇಜು ಬಿಡುವುದು. ಇಲ್ಲಿನ ಲಾಕರ್ ಬೇರೆ ತರಹ. ಯಂತ್ರದ ಬಾಗಿಲೊಳಗೆ ಪೆಟ್ಟಿಗೆ ಇಟ್ಟು ದುಡ್ಡು ಕಟ್ಟಿದರೆ ಅದು ನೆಲದಡಿಗೆ ಹೋಗುತ್ತದೆ. ಕೈಗೆ ಸಿಕ್ಕ ಚೀಟಿಯನ್ನು ಪಾಸ್‌ಪೋರ್ಟ್ ಜೊತೆ ಭದ್ರವಾಗಿಡಿ. ಅದಿಲ್ಲದೆ ಪೆಟ್ಟಿಗೆ ಮೇಲೆ ಬರುವುದಿಲ್ಲ. ದೊಡ್ಡ ಬ್ಯಾಗ್ ಹೊತ್ತು ಸಂತೆಗೆ ಹೋಗದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. 2016ರಲ್ಲಿ ಬರ್ಲಿನ್, 2024ರಲ್ಲಿ ಮಾಗ್ಡೆಬುರ್ಗ್ ಸಂತೆಗಳ ಮೇಲೆ ವಾಹನ ನುಗ್ಗಿಸಿದ ದಾಳಿಗಳಾದ ಮೇಲೆ ಎಲ್ಲೆಡೆ ತಡೆಗೋಡೆ, ಪೊಲೀಸರು. ಬ್ಯಾಗ್ ತೆರೆದು ತೋರಿಸಿ ಅನ್ನಬಹುದು. ಸಣ್ಣ ಚಾಕುವೂ ಜೊತೆಗಿರಬಾರದು.

ನಿಲ್ದಾಣದ ಹೊರಗೆ ಕಾಲಿಟ್ಟರೆ ಎದುರಿಗೇ ಡೋಮ್. ಕತ್ತು ಎಷ್ಟು ಎತ್ತಿದರೂ ಪೂರ್ತಿ ಕಾಣಿಸದ ಚರ್ಚು. 157 ಮೀಟರ್ ಎತ್ತರದ ಜೋಡಿ ಗೋಪುರ. ಕಟ್ಟಲು ಶುರು ಮಾಡಿದ್ದು 1248ರಲ್ಲಿ, ಮುಗಿದದ್ದು 1880ರಲ್ಲಿ. ನಡುವೆ ಮುನ್ನೂರು ವರ್ಷಗಳ ಹತ್ತಿರ ಕೆಲಸ ನಿಂತೇಹೋಗಿತ್ತು. ಒಳಗೆ ಮುಖ್ಯ ಪೀಠದ ಹಿಂದೆ ಬಂಗಾರದ ದೊಡ್ಡ ಪೆಟ್ಟಿಗೆಯಿದೆ. ಬಾಲಯೇಸುವಿಗೆ ಕಾಣಿಕೆ ತಂದ ಮೂವರು ಜ್ಞಾನಿಗಳ ಅಸ್ಥಿ ಅದರಲ್ಲಿದೆ ಎಂಬುದು ಭಕ್ತರ ನಂಬಿಕೆ. ಆ ಅಸ್ಥಿ 1164ರಲ್ಲಿ ಮಿಲಾನ್‌ನಿಂದ ಇಲ್ಲಿಗೆ ಬಂತು. ಅದನ್ನು ನೋಡಲು ಬರುವ ಯಾತ್ರಿಕರಿಗಾಗಿಯೇ ಇಷ್ಟು ದೊಡ್ಡ ಚರ್ಚು ಎದ್ದಿತು. ಕ್ರಿಸ್‌ಮಸ್ ಕಥೆಗೆ ಈ ಊರಿನ ನಂಟು ಅಷ್ಟು ಹಳೆಯದು. ಆದ್ದರಿಂದ ಸಂತೆಗೆ ಮುಂಚೆ ಒಳಗೆ ಹೋಗಿ ಬನ್ನಿ. ಗೋಪುರ ಹತ್ತುವ ಆಸೆಯಿದ್ದರೆ 533 ಮೆಟ್ಟಿಲು, ಲಿಫ್ಟ್ ಇಲ್ಲ, ಚಳಿಗಾಲದಲ್ಲಿ ಬೇಗ ಮುಚ್ಚುತ್ತದೆ. ನನ್ನನ್ನು ಕೇಳಿದರೆ ಆ ಕಾಲುಗಳ ಶಕ್ತಿಯನ್ನು ದಂಡೆಗೆ ಉಳಿಸಿಕೊಳ್ಳುವುದು ಒಳ್ಳೆಯದು.

ಪಕ್ಕದ ರೊಂಕಾಲಿಪ್ಲಾಟ್ಸ್‌ನಲ್ಲಿ ಡೋಮ್ ಸಂತೆ. ನಡುವೆ ಭಾರಿ ಮರ, ಅದರ ತುದಿಯಿಂದ ಎಲ್ಲ ಮಳಿಗೆಗಳ ಮೇಲೂ ಚಪ್ಪರದಂತೆ ಹರಡಿದ ದೀಪದ ಸರಗಳು. ಒಂದು ಸುತ್ತು ಹಾಕಿ, ಆದರೆ ಇಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಮುಂದೆ ಬೇಕಾದಷ್ಟಿದೆ.

ದಂಡೆಯ ಮೇಲೆ ನಡಿಗೆ

ಡೋಮ್ ಹಿಂದೆ ಲುಡ್ವಿಗ್ ಮ್ಯೂಸಿಯಂ. ಅದನ್ನು ದಾಟಿದರೆ ನದಿಯತ್ತ ಇಳಿಯುವ ಇಟ್ಟಿಗೆ ಹಾಸಿನ ಚೌಕ. ಕೆಲವು ಹೊತ್ತಿನಲ್ಲಿ ಅಲ್ಲಿ ಕಾವಲುಗಾರರು ನಿಂತು, ಈ ಕಡೆ ಬೇಡ, ಸುತ್ತಿ ಹೋಗಿ ಎನ್ನುತ್ತಾರೆ. ಕಾರಣ ಕೇಳಿದರೆ ಖುಷಿಯಾಗುತ್ತದೆ. ಚೌಕದ ಕೆಳಗೇ 1986ರಲ್ಲಿ ತೆರೆದ ಫಿಲ್‌ಹಾರ್ಮನಿ ಸಂಗೀತ ಸಭಾಂಗಣವಿದೆ. ಮೇಲೆ ಯಾರಾದರೂ ಪೆಟ್ಟಿಗೆ ಎಳೆದರೆ, ಹಿಮ್ಮಡಿ ಶೂ ಹಾಕಿ ನಡೆದರೆ ಕೆಳಗೆ ಕೂತವರಿಗೆ ಕೇಳಿಸುತ್ತದೆ. ಹಾಗಾಗಿ ಸಂಗೀತ ಕಛೇರಿ, ತಾಲೀಮು ನಡೆಯುವಾಗ ಚೌಕ ಬಂದ್. ಸಂಗೀತಕ್ಕಾಗಿ ಒಂದು ಚೌಕವನ್ನೇ ಸುಮ್ಮನಿರಿಸುವ ಊರು. ನನಗೆ ಕೊಲೋನ್ ಇಷ್ಟವಾಗಲು ಇದೂ ಒಂದು ಕಾರಣ.

ಕೆಳಗಿಳಿದರೆ ರೈನ್. ಇನ್ನು ನದಿ ಎಡಕ್ಕಿರುವಂತೆ ದಕ್ಷಿಣಕ್ಕೆ ನಡೆಯುತ್ತಾ ಹೋಗಿ. ಇಲ್ಲಿನ ಹುಲ್ಲು, ಬೆಂಚು, ಮರಗಳ ಜಾಗದಲ್ಲಿ ಮೊದಲು ವಾಹನಗಳ ಹೆದ್ದಾರಿಯಿತ್ತು. 1980ರ ದಶಕದ ಶುರುವಿನಲ್ಲಿ ರಸ್ತೆಯನ್ನು ಸುರಂಗದೊಳಗೆ ಹಾಕಿ ದಂಡೆಯನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. ಬಲಗಡೆ ಬಣ್ಣಬಣ್ಣದ ಕಿರಿದಾದ ಮನೆಗಳು, ಅವುಗಳ ಹಿಂದೆ ಗ್ರೋಸ್ ಸಾಂಕ್ಟ್ ಮಾರ್ಟಿನ್ ಚರ್ಚಿನ ದಪ್ಪ ಗೋಪುರ. ಸ್ವಲ್ಪ ಮುಂದೆ ನೀರಿನ ಮಟ್ಟ ತೋರಿಸುವ ಪೇಗೆಲ್ ಗಡಿಯಾರ. ಅದನ್ನು ಸಮಯ ಎಂದು ಓದಬೇಡಿ, ಮುಳ್ಳು ತೋರಿಸುವುದು ನದಿಯ ಎತ್ತರವನ್ನು. 8.30 ಮೀಟರ್ ಮುಟ್ಟಿದರೆ ಹಡಗು ಸಂಚಾರ ನಿಲ್ಲುತ್ತದೆ. 1993ರ ಕ್ರಿಸ್‌ಮಸ್ ಹೊತ್ತಿಗೆ ನೀರು ಹತ್ತೂವರೆ ಮೀಟರ್ ದಾಟಿ ಹಳೇ ಪೇಟೆಗೆ ನುಗ್ಗಿತ್ತು. ಮಳೆ ಜಾಸ್ತಿಯಾದ ವಾರ ಹೋಗುವುದಿದ್ದರೆ ಕೆಳದಂಡೆ ತೆರೆದಿದೆಯೇ ಎಂದು ನೋಡಿಕೊಂಡು ಹೊರಡಿ.

ದಾರಿಯಲ್ಲಿ ಬಲಕ್ಕೆ ಒಂದೆರಡು ಬೀದಿ ಒಳಗೆ ಹೋದರೆ ಆಲ್ಟರ್ ಮಾರ್ಕ್ಟ್, ಹೊಯ್‌ಮಾರ್ಕ್ಟ್ ಸಂತೆ. ರಾತ್ರಿ ಗುಟ್ಟಾಗಿ ಬಂದು ಜನರ ಕೆಲಸವನ್ನೆಲ್ಲ ಮಾಡಿಮುಗಿಸುತ್ತಿದ್ದ ಕುಳ್ಳರ ಕಥೆ ಈ ಊರಿನದು. ಸಂತೆಯ ಅಲಂಕಾರವೂ ಅದೇ. ಮಕ್ಕಳಿದ್ದರೆ ಐಸ್ ಸ್ಕೇಟಿಂಗ್ ನೋಡಿಯೇ ಮುಂದೆ ಹೋಗುವುದು ಅಂತ ಹಟ ಹಿಡಿಯುತ್ತಾರೆ, ಬಿಡಿ. ಆದರೆ ಮೂರೂವರೆ ಮರೆಯಬೇಡಿ.

ಬಂದರಿನ ಸಂತೆ

ಡಾಯ್ಟ್ಸ್ ಸೇತುವೆಯ ಅಡಿ ದಾಟಿ ಇನ್ನೂ ಸ್ವಲ್ಪ ನಡೆದರೆ ಹಳೇ ಕೋಟೆಯ ಮಾಲಕಾಫ್ ಗೋಪುರ, ಪಕ್ಕದಲ್ಲಿ ಬಂದರಿನ ಬಾಯಿಗೆ ಹಾಕಿದ ತಿರುಗು ಸೇತುವೆ. ಅದನ್ನು ದಾಟಿದರೆ ಒಂದು ಕಡೆ ರೈನ್, ಇನ್ನೊಂದು ಕಡೆ ಬಂದರಿನ ನಿಂತ ನೀರು. ನಡುವೆ ಹಡಗಿನ ಆಕಾರದ ಗಾಜಿನ ಚಾಕೊಲೇಟ್ ಮ್ಯೂಸಿಯಂ, ಅದರ ಅಂಗಳದಲ್ಲೇ ಸಂತೆ.

ಬೇರೆ ಸಂತೆಗಳಲ್ಲಿ ಮರದ ಗುಡಿಸಲುಗಳಿದ್ದರೆ ಇಲ್ಲಿ ಬಿಳೀ ಚೂಪು ಡೇರೆಗಳು. ದೂರದಿಂದ ಹಾಯಿಗಳು ಸಾಲಾಗಿ ನಿಂತಂತೆ ಕಾಣುತ್ತವೆ. ಹಗಲಿನಲ್ಲಿ ಇವು ಸಾಧಾರಣ ಬಟ್ಟೆ. ನಾಲ್ಕೂಕಾಲರ ಸುಮಾರಿಗೆ ಆಕಾಶ ಬೂದಿಯಿಂದ ನೀಲಿಗೆ ತಿರುಗಲು ಶುರುವಾಗುತ್ತದೆ. ಆಗ ಒಳಗಿನ ದೀಪಕ್ಕೆ ಇಡೀ ಡೇರೆ ಹಳದಿಯಾಗಿ ಬೆಳಗುತ್ತದೆ. ಬಂದರಿನ ನೀರಲ್ಲೂ ಅದೇ ಸಾಲು ತಲೆಕೆಳಗಾಗಿ ಕಾಣುತ್ತದೆ. ಫೋಟೋ ತೆಗೆಯುವವರು ಐದರೊಳಗೆ ತೆಗೆದುಬಿಡಬೇಕು. ಆಮೇಲೆ ಆಕಾಶ ಕಪ್ಪಾಗಿ ಈ ಚೆಂದ ಉಳಿಯುವುದಿಲ್ಲ. ನಿಲ್ಲಲು ಒಳ್ಳೆಯ ಜಾಗ ತಿರುಗು ಸೇತುವೆಯ ಪಕ್ಕದ ಗೋಡೆ. ದಕ್ಷಿಣಕ್ಕೆ ತಿರುಗಿದರೆ ಬಂದರಿನ ಹಳೇ ಕ್ರೇನುಗಳನ್ನು ನೆನಪಿಸುವಂತೆ ಕಟ್ಟಿದ ಮೂರು 'ಕ್ರೇನ್ ಮನೆ'ಗಳೂ ಚೌಕಟ್ಟಿನೊಳಗೆ ಬರುತ್ತವೆ.

ಸಂತೆಗೆ ಪ್ರವೇಶ ಶುಲ್ಕವಿಲ್ಲ. ಮಳೆ ಜೋರಾದರೆ ಮ್ಯೂಸಿಯಂ ಒಳಗೆ ಹೋಗಬಹುದು, ಅದಕ್ಕೆ ಟಿಕೆಟ್ ಬೇಕು. 1993ರಲ್ಲಿ ತೆರೆದದ್ದು. ಮೂರು ಮೀಟರ್ ಎತ್ತರದ ಚಾಕೊಲೇಟ್ ಕಾರಂಜಿಯಲ್ಲಿ ವೇಫರ್ ಅದ್ದಿ ಕೈಗೆ ಕೊಡುತ್ತಾರೆ. ಡಿಸೆಂಬರ್‌ನಲ್ಲಿ ಸಾಲು ಉದ್ದ, ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ.

ಕಪ್ಪಿನ ಲೆಕ್ಕ

ಮೊದಲ ಸಲ ಬಂದವರಿಗೆ ಇದು ಅರ್ಥವಾಗುವುದಿಲ್ಲ. ಬೋರ್ಡಿನಲ್ಲಿ ಒಂದು ಬೆಲೆ ಇರುತ್ತದೆ, ಕೊಡಬೇಕಾದ್ದು ಅದಕ್ಕಿಂತ ಜಾಸ್ತಿ. ಮೋಸವಲ್ಲ. ಪಿಂಗಾಣಿ ಅಥವಾ ಗಾಜಿನ ಕಪ್ಪಿಗೆ ಕೆಲವು ಯೂರೋ ಠೇವಣಿ ಸೇರಿಸುತ್ತಾರೆ, ಅದೇ 'ಫಾಂಡ್'. ಕುಡಿದ ಮೇಲೆ ಕಪ್ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಕೆಲವು ಕಡೆ ಕಪ್ಪಿನ ಜೊತೆ ಒಂದು ಬಿಲ್ಲೆ ಕೊಡುತ್ತಾರೆ, ಆಗ ಎರಡನ್ನೂ ಕೊಡಬೇಕು. ಒಂದು ಸಂತೆಯ ಕಪ್ಪನ್ನು ಇನ್ನೊಂದು ಸಂತೆಯಲ್ಲಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಹೊರಡುವ ಮುಂಚೆ ಲೆಕ್ಕ ಚುಕ್ತಾ ಮಾಡಿ. ಚಿತ್ರ ಇಷ್ಟವಾಯಿತೇ? ಕಪ್ ಮನೆಗೆ ತನ್ನಿ, ಠೇವಣಿಯೇ ಅದರ ಬೆಲೆ. ಕೊಳೆ ಕಪ್ ಕೊಟ್ಟು ತೊಳೆದದ್ದನ್ನು ಕೇಳಿದರೆ ಸಾಮಾನ್ಯವಾಗಿ ಬದಲಿಸಿಕೊಡುತ್ತಾರೆ.

ಕಪ್ಪಿನೊಳಗಿನದು ಗ್ಲೂವೈನ್. ಚಕ್ಕೆ, ಲವಂಗ, ಕಿತ್ತಳೆ ಹಾಕಿ ಬಿಸಿ ಮಾಡಿದ ದ್ರಾಕ್ಷಿ ಮದ್ಯ. 'ಮಿಟ್ ಶುಸ್' ಎಂದರೆ ಅದರ ಮೇಲೆ ರಮ್ಮೋ ಬೇರೇನೋ ಒಂದು ಗುಟುಕು ಸೇರಿಸಿದ್ದು. ಮದ್ಯ ಬೇಡದವರು 'ಕಿಂಡರ್‌ಪುನ್ಶ್' ಕೇಳಿ, ಹಣ್ಣಿನ ರಸಕ್ಕೆ ಅದೇ ಮಸಾಲೆ. ಹೆಸರಿನಲ್ಲಿ ಮಕ್ಕಳಿದ್ದರೂ ದೊಡ್ಡವರೂ ಕುಡಿಯುತ್ತಾರೆ, ನಾಚಿಕೆ ಬೇಡ.

ಕೈಯಲ್ಲಿ ನೋಟು, ಚಿಲ್ಲರೆ ಎರಡೂ ಇರಲಿ. ಕಾರ್ಡ್ ನಡೆಯುವ ಮಳಿಗೆಗಳು ಹೆಚ್ಚುತ್ತಿವೆ, ಆದರೆ ಕೆಲವರು ಜರ್ಮನಿಯ ಬ್ಯಾಂಕುಗಳು ಕೊಡುವ ಗಿರೋಕಾರ್ಡ್ (girocard) ಮಾತ್ರ ತೆಗೆದುಕೊಳ್ಳುತ್ತಾರೆ, ಅಲ್ಲಿ ನಮ್ಮ ವೀಸಾ, ಮಾಸ್ಟರ್ ನಡೆಯುವುದಿಲ್ಲ. ಶೌಚಾಲಯಕ್ಕೂ ನಾಣ್ಯ ಬೇಕು.

ಸಸ್ಯಾಹಾರಿಗಳು ಏನು ತಿನ್ನಬಹುದು

ಹಸಿವಿನಿಂದ ಮರಳಬೇಕಿಲ್ಲ, ಕೇಳಿ ತಿನ್ನಬೇಕು ಅಷ್ಟೆ. ನನ್ನ ಮೊದಲ ಆಯ್ಕೆ ರೈಬೆಕೂಕೆನ್. ತುರಿದ ಆಲೂಗಡ್ಡೆ, ಈರುಳ್ಳಿ, ಹಿಟ್ಟು ಕಲಸಿ ಸೌಟಿನಿಂದ ಎಣ್ಣೆಗೆ ಬಿಡುತ್ತಾರೆ. ಅಂಚಿನ ಎಳೆಗಳು ಮೊದಲು ಕೆಂಪಾಗುತ್ತವೆ. ನಡುಭಾಗ ಇನ್ನೂ ಮೆತ್ತಗಿರುವಾಗ ಮಗುಚುತ್ತಾರೆ. ಕಾಗದದ ತಟ್ಟೆಯಲ್ಲಿ ಮೂರು ಹಾಕಿ ಪಕ್ಕದಲ್ಲಿ ಸೇಬಿನ ಗೊಜ್ಜು ಸುರಿಯುತ್ತಾರೆ. ಉಪ್ಪಿನ ತಿಂಡಿಗೆ ಸಿಹಿ ಸೇಬೇ ಎಂದು ಹಿಂಜರಿಯಬೇಡಿ, ಹೊಂದಿಕೆ ಚೆನ್ನಾಗಿದೆ. ಕೆಲವರು ರ್ಯೂಬೆನ್‌ಕ್ರೌಟ್ ಎಂಬ ಕಪ್ಪು ಪಾಕ ಹಾಕಿಸಿಕೊಳ್ಳುತ್ತಾರೆ. ಸಕ್ಕರೆ ಬೀಟ್ ಗೆಡ್ಡೆಯಿಂದ ಮಾಡಿದ್ದು, ನೋಡಲು ನಮ್ಮ ಜೋನಿ ಬೆಲ್ಲದ ಹಾಗೇ ಇರುತ್ತದೆ. ಈ ತಿಂಡಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ಮೊಟ್ಟೆ ತಿನ್ನದವರು 'ಓನೆ ಐ?' (ಮೊಟ್ಟೆ ಇಲ್ಲದ್ದೇ?) ಎಂದು ಕೇಳಿ.

ಅಣಬೆ ಹುರಿದು ಬೆಳ್ಳುಳ್ಳಿ ಸಾಸ್ ಹಾಕಿ ಕೊಡುತ್ತಾರೆ. ಸುಟ್ಟ ಚೆಸ್ಟ್‌ನಟ್ ಸಿಗುತ್ತದೆ. ಕರಗಿದ ರಾಕ್ಲೆಟ್ ಚೀಸ್ ಹಚ್ಚಿದ ಬ್ರೆಡ್ ಬಿಸಿಯಾಗಿ ತಿನ್ನಲು ಬಹಳ ರುಚಿ, ಆದರೆ ಕೆಲವು ಚೀಸ್‌ಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಕಟ್ಟುನಿಟ್ಟಿನವರಿಗೆ ಆಗುವುದಿಲ್ಲ. ತೆಳು ರೊಟ್ಟಿಯ ಫ್ಲಾಮ್‌ಕೂಕೆನ್ ನೋಡಿ ಮೋಸಹೋಗಬೇಡಿ. ಮೇಲಿನ ಗುಲಾಬಿ ಚೂರುಗಳು ಹಂದಿ ಮಾಂಸ, 'ಷ್ಪೆಕ್'. ಆಲೂ ಸೂಪ್‌ನಲ್ಲೂ, ಎಲೆಕೋಸಿನ ಪಲ್ಯದಲ್ಲೂ ಅದು ಅಡಗಿರುತ್ತದೆ. 'ಓನೆ ಫ್ಲೈಶ್, ಓನೆ ಷ್ಪೆಕ್' (ಮಾಂಸ ಇಲ್ಲದ್ದು, ಷ್ಪೆಕ್ ಇಲ್ಲದ್ದು) ಎಂಬ ಎರಡು ಮಾತು ಬಾಯಿಪಾಠ ಇರಲಿ.

ಸಿಹಿಯಲ್ಲಿ ತಾಮ್ರದ ಬಾಣಲೆಯಲ್ಲಿ ಸಕ್ಕರೆ, ಚಕ್ಕೆ ಪುಡಿಯೊಂದಿಗೆ ಹುರಿದ ಬಾದಾಮಿ. ಬಿಸಿ ಇರುವಾಗಲೇ ಚೀಲ ಬಿಚ್ಚಿ. ಷ್ಪೆಕುಲಾಟ್ಸಿಯುಸ್ ಬಿಸ್ಕತ್ತಿನಲ್ಲಿ ಏಲಕ್ಕಿ, ಲವಂಗ ಇರುತ್ತದೆ. ಮಳಿಗೆ ಹತ್ತಿರ ಬಂದಾಗಲೇ ಪರಿಚಯದ ವಾಸನೆ ಮೂಗಿಗೆ ಬಡಿಯುತ್ತದೆ. ಮಾರ್ಷ್‌ಮ್ಯಾಲೋ, ಜೆಲ್ಲಿ ಮಿಠಾಯಿಗಳಲ್ಲಿ ಜಿಲಾಟಿನ್ ಇರಬಹುದು, ಬಿಟ್ಟುಬಿಡಿ.

ಕೊಳ್ಳುವುದಾದರೆ

ಎಲ್ಲ ಸಂತೆಯಲ್ಲೂ ಒಂದೇ ಬಗೆಯ ಅಗ್ಗದ ಮಾಲು ಸಾಕಷ್ಟಿದೆ. ಕೈಕೆಲಸದ್ದು ಬೇಕಿದ್ದರೆ ಎರ್ಟ್ಸ್‌ಗೆಬಿರ್ಗೆ ಬೆಟ್ಟಸೀಮೆಯ ಮರದ ಗೊಂಬೆ ಕೇಳಿ. ಒಳಗೆ ಧೂಪ ಹಚ್ಚಿದರೆ ಬಾಯಿಂದ ಹೊಗೆ ಬಿಡುವ ಗೊಂಬೆ ಮನೆಯಲ್ಲಿ ಬಹಳ ಕಾಲ ಉಳಿಯುತ್ತದೆ. ದುಬಾರಿಯೇ, ಆದರೆ ಒಂದು ಕೊಂಡರೂ ಸಾಕು. ತಳದಲ್ಲಿ ಎಲ್ಲಿ ಮಾಡಿದ್ದು ಎಂದು ಓದಿ ಕೊಳ್ಳಿ.

ಅಲುಗಾಡಿಸಿದರೆ ಹಿಮ ಸುರಿಯುವ ಗಾಜಿನ ಗೋಳದಲ್ಲಿ ನೀರಿದೆ. ಅದನ್ನು, ಗ್ಲೂವೈನ್ ಬಾಟಲಿಯನ್ನು, ಚಾಕೊಲೇಟ್ ಸ್ಪ್ರೆಡ್ಡನ್ನು ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳಬಹುದು. ಚೆಕ್-ಇನ್ ಪೆಟ್ಟಿಗೆಗೆ ಹಾಕಿ. ಕಪ್ಪಿನೊಳಗೆ ಕಾಲುಚೀಲ ತುರುಕಿ, ಹೊರಗೆ ಸ್ವೆಟರ್ ಸುತ್ತಿ ಪೆಟ್ಟಿಗೆಯ ನಡುವೆ ಇಟ್ಟರೆ ಒಡೆಯುವುದಿಲ್ಲ.

ಎದುರು ದಡದಿಂದ ವಾಪಸ್

ಆರರ ಸುಮಾರಿಗೆ ಬಂದರು ಬಿಡಿ. ಬಂದ ದಾರಿಯಲ್ಲೇ ಹತ್ತು ನಿಮಿಷ ನಡೆದು, ಡಾಯ್ಟ್ಸ್ ಸೇತುವೆ ಹತ್ತಿ ನದಿ ದಾಟಿ. ಆ ದಡದಲ್ಲಿ ನೀರಿನವರೆಗೆ ಇಳಿಯುವ ಅಗಲವಾದ ಮೆಟ್ಟಿಲುಗಳಿವೆ. ಅಲ್ಲಿ ಕೂತರೆ ಹಳೇ ಪೇಟೆ, ಸಾಂಕ್ಟ್ ಮಾರ್ಟಿನ್, ಡೋಮ್ ಮೂರೂ ಒಂದೇ ಸಾಲಿನಲ್ಲಿ, ದೀಪ ಹಾಕಿಕೊಂಡು ಕಾಣುತ್ತವೆ. ಊರೊಳಗಿದ್ದಾಗ ಡೋಮ್ ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ, ಇಲ್ಲಿಂದ ಗೊತ್ತಾಗುತ್ತದೆ. ಹೆಚ್ಚಿನವರು ಈ ದಡಕ್ಕೆ ಬರುವುದೇ ಇಲ್ಲ, ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಅಲ್ಲಿಂದ ಉತ್ತರಕ್ಕೆ ನಡೆದರೆ ಹೊಹೆನ್‌ಜೊಲರ್ನ್ ರೈಲು ಸೇತುವೆ. ಅದರ ದಕ್ಷಿಣದ ಕಾಲುದಾರಿ ಹಿಡಿಯಿರಿ, ಜಾಲರಿ ತುಂಬ ಪ್ರೇಮಿಗಳು ಹಾಕಿದ ಬೀಗಗಳು. ಪಕ್ಕದಲ್ಲೇ ರೈಲು ಹೋಗುವಾಗ ಕಾಲಡಿ ನಡುಗುತ್ತದೆ, ಸಣ್ಣ ಮಕ್ಕಳ ಕೈ ಹಿಡಿದುಕೊಳ್ಳಿ. ಸೇತುವೆ ಮುಗಿಯುವುದು ಡೋಮ್ ಬೆನ್ನಿಗೆ, ನಿಲ್ದಾಣ ಅಲ್ಲೇ ಪಕ್ಕ. ಕಾಲು ಸೋತವರಿಗೆ ಡಾಯ್ಟ್ಸ್ ನಿಲ್ದಾಣದಿಂದಲೇ ರೈಲು ಸಿಗುತ್ತದೆ. ಆದರೆ ಪೆಟ್ಟಿಗೆ ಮುಖ್ಯ ನಿಲ್ದಾಣದ ಲಾಕರ್‌ನಲ್ಲಿದೆ ಅಂದರೆ ಅಲ್ಲಿ ಇಳಿಯಲೇಬೇಕು. ಲಾಕರ್ ಮುಂದೆ ಸಾಲಿರುತ್ತದೆ, ಮುಂದಿನ ರೈಲಿಗೆ ಅರ್ಧ ಗಂಟೆಯಾದರೂ ಬಿಟ್ಟುಕೊಳ್ಳಿ.